ಮೂಗಿನ ಮೀನಿನ ಯಮನೂರಪ್ಪ ಕಾಕಾ

ಹೊಳೆಯ ಸೇತುವೆ ಬಂತೆಂದರೆ ಯಮನೂರಪ್ಪ ಕಾಕಾ ಮಾತು ನಿಲ್ಲಿಸುತ್ತಿದ್ದ. ಎಂಥ ಮಾತೇ ಇರಲಿ, ಮಗಳ ಮನೆಯ ಜಗಳವೋ ಸಂತೆಯ ಸುದ್ದಿಯೋ, ಅರ್ಧಕ್ಕೇ ಬಿಟ್ಟು ಬಸ್ಸಿನ ಬಾಗಿಲ ಕಂಬಿ ಹಿಡಿದು ಕೆಳಗಿನ ಮಲಪ್ರಭೆಯನ್ನು ನೋಡುತ್ತಿದ್ದ. ಸೇತುವೆ ದಾಟಿದ ಮೇಲೆ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಿದ್ದ. ಕೇಳುತ್ತಿದ್ದವರಿಗೆ ಅಷ್ಟರಲ್ಲಿ ಮರೆತುಹೋಗಿರುತ್ತಿತ್ತು, ಆತನಿಗೆ ಮರೆಯುತ್ತಿರಲಿಲ್ಲ.

ನಾನು ಆ ಬಸ್ಸಿನ ಕಂಡಕ್ಟರ್. ಹೊಳೆಯಾಚೆಯ ಹಳ್ಳಿಗಳಿಂದ ಹೊರಟು ಹುನಗುಂದ, ಅಮೀನಗಡ ಹಾದು ಬಾಗಲಕೋಟೆಗೆ ಹೋಗುವ ಬಸ್ಸು. ನಮ್ಮದು ವಿಭೂತಿ ಹಚ್ಚಿಕೊಳ್ಳುವ ಮನೆತನ; ಮೀನಿನ ವಾಸನೆ ನನಗೆ ಆಗಿಬರುವುದಿಲ್ಲ. ಮೇಲಾಗಿ ಸಿಟ್ಟಿನ ಮನುಷ್ಯ. ಮೊದಲ ದಿನ, ಸಂತೆಗೆ ಮೀನು ಒಯ್ಯುತ್ತಿದ್ದ ಆತನ ಹಸಿ ಚೀಲ ನೋಡಿ, ಇಳಿಸಿಬಿಡುತ್ತೇನೆಂದು ಹಾರಾಡಿದ್ದೆ. ಆತ ಬೇಸರಪಟ್ಟುಕೊಳ್ಳದೆ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಕುಕ್ಕರಿಸಿ ಕೂತ.

"ಯಪ್ಪಾ, ನೀ ಮುಂದ ನಿಂದ್ರು, ನಾ ಹಿಂದ ಕುಂದರ್ತೇನಿ. ಗಾಳಿ ಹಿಂದಕ್ಕ ಹೊಕ್ಕೈತಿ, ನಿನ್ನ ಮೂಗಿಗೆ ಏನೂ ಆಗಂಗಿಲ್ಲ" ಎಂದ.

ಇಡೀ ಬಸ್ಸು ನಕ್ಕಿತು. ಅಂದಿನಿಂದ ಆ ಮೆಟ್ಟಿಲು ಆತನದೇ. ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. "ಸೀಟ ಹಸಿ ಆದ್ರ ಆಮ್ಯಾಲೆ ಕುಂತಾವ್ರು ಬೈತಾರ" ಎನ್ನುತ್ತಿದ್ದ.

ಆತನ ಬಾಯಲ್ಲಿ ಸದಾ ಇದ್ದದ್ದು ಒಂದೇ ಮೀನು. ಹಣೆಯ ಕೆಳಗೆ ಮೂಗಿನಂಥ ಗುಬಟು ಮುಂದಕ್ಕೆ ಚಾಚಿಕೊಂಡ, ಬಾಯಿ ಕೆಳಗೆಲ್ಲೋ ಅಡಗಿದ ಮೀನು. ಪುಸ್ತಕದವರು ಏನೆನ್ನುತ್ತಾರೋ ಗೊತ್ತಿಲ್ಲ, ಕಾಕಾ ಅದನ್ನು ಮೂಗಿನ ಮೀನು ಎನ್ನುತ್ತಿದ್ದ. "ನಮ್ಮಪ್ಪನ ಕಾಲಕ್ಕ ಬಲಿ ಹರೀವಷ್ಟು ಬೀಳ್ತಿದ್ವು. ಹರಿಯೂ ನೀರಿನ ಮೀನ ಅದು. ಡ್ಯಾಮ ಕಟ್ಟಿ ನೀರ ನಿಂದ್ರಿಸಿದ್ರು, ಉಸುಕ ಬಗದ್ರು. ಈಗ ಬಲಿ ಎತ್ತಿದ್ರ ಬರೇ ಜಿಲೇಬಿ." ಜಿಲೇಬಿ ಎಂದರೆ ಎಲ್ಲಿಂದಲೋ ಬಂದು ಹೊಳೆ ತುಂಬಿಕೊಂಡ ಮೀನು. "ಜಿಲೇಬಿ ಆದ್ರ ನಾನೂ ತಿಂತೇನಿ ಬಿಡು ಕಾಕಾ" ಎಂದು ನಾನು ಚೇಷ್ಟೆ ಮಾಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಒಂದು ಬೇಸಿಗೆಯಲ್ಲಿ ಮೀನಿನ ಸಮೀಕ್ಷೆಯವರು ಆತನ ಊರಿಗೆ ಬಂದರು. ಈ ಮೀನು ಅಳಿವಿನಂಚಿನಲ್ಲಿದೆ, ಕೃಷ್ಣೆಯ ಸೀಮೆ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇದ್ದಂತಿಲ್ಲ, ಜೀವಂತ ಸಿಕ್ಕರೆ ತಿಳಿಸಿ, ಆಗ ನಿಮ್ಮ ಊರ ಮಡುವಿನಲ್ಲಿ ಉಸುಕು ತೆಗೆಯದಂತೆ ತಡೆಯಲು ಸರ್ಕಾರವನ್ನು ಕೇಳಬಹುದು ಎಂದು ಫೋನ್ ನಂಬರ್ ಕೊಟ್ಟುಹೋದರು. ಉಸುಕಿನ ಮಷಿನ್ನು ಆಗಲೇ ಮಡುವಿನ ಮಗ್ಗುಲಿಗೆ ಬಂದು ನಿಂತಿತ್ತು. ಕಾಕಾಗೆ ಆಮೇಲೆ ಅದೊಂದೇ ಧ್ಯಾನ. ಸಂತೆಗೆ ಒಯ್ಯಲು ಮೀನು ಸಿಗದಿದ್ದರೂ ಚಿಂತೆಯಿಲ್ಲ, ಮಡುವಿನಲ್ಲಿ ಬಲೆ ಬೀಸುವುದು ತಪ್ಪಲಿಲ್ಲ.

ಹೊಳೆಗೆ ಹೊಸ ನೀರು ಬಂದ ಒಂದು ಬೆಳಿಗ್ಗೆ, ಪೇಂಟಿನ ದೊಡ್ಡ ಖಾಲಿ ಡಬ್ಬಿಯೊಂದರಲ್ಲಿ ನೀರು ತುಂಬಿ ಅದನ್ನು ಅಪ್ಪಿಕೊಂಡು ಬಸ್ಸು ಹತ್ತಿದ. ಮೈಯೆಲ್ಲ ಒದ್ದೆ. ಇಣುಕಿ ನೋಡಿದೆ. ಕೆಂಪು ನೀರಿನಲ್ಲಿ ಆ ಮೂಗು ಕಂಡಿತು.

"ಬಸರಿ ಐತಿ ನೋಡು. ಇದೊಂದ ಐತಿ ಅಂದ್ರ ಜೋಡಿನೂ ಇರಬೇಕು. ಬಾಗಲಕೋಟ್ಯಾಗ ಸಾಹೇಬ್ರಿಗೆ ತೋರ್ಸಿ, ಹೊಳ್ಳಿ ತಂದು ಮಡುವಿನ್ಯಾಗ ಬಿಡ್ತೇನಿ."

"ಫೋನ್ ಮಾಡಿದ್ರ ಅವ್ರ ಬರ್ತಿದ್ರಲ್ಲ ಕಾಕಾ?"

"ಅಷ್ಟ ದೊಡ್ಡ ಮಂದೀನ ಬರ್ರಿ ಅನ್ನಾಕ ನಾ ಯಾರಪಾ? ಕೆಲಸ ನಮ್ದು. ನಾವ ಹೋಗಬೇಕು."

ದಾರಿಯುದ್ದಕ್ಕೂ ಗಾಳಿ ಸೇರಲೆಂದು ಅಂಗೈಯಿಂದ ನೀರು ಎತ್ತಿ ಎತ್ತಿ ಡಬ್ಬಿಗೇ ಹೊಯ್ಯುತ್ತಿದ್ದ. ವಾಸನೆಗೆ ಮೂಗು ಮುಚ್ಚುತ್ತಿದ್ದ ನಾನು ಅಂದು ಮಗ್ಗುಲಲ್ಲೇ ಕೂತಿದ್ದೆ. ಅಮೀನಗಡದಲ್ಲಿ ಕರದಂಟು ಕೊಳ್ಳಲು ಎದ್ದವರಿಗೆ, "ಇಳದ್ರ ಇಲ್ಲೇ ಬಿಟ್ಟು ಹೋಗ್ತೇನಿ ನೋಡ್ರಿ" ಎಂದು ಗದರಿದೆ. ಡ್ರೈವರ್ ಚಹಾ ಬಿಟ್ಟು ಗಾಡಿ ಎತ್ತಿದ. ಅಷ್ಟು ಮಾಡಿದರೂ ಊರು ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಮೀನು ಮಗ್ಗುಲಾಗಿ ತೇಲಿತು. ಕಾಕಾ ಕೈ ನಿಲ್ಲಿಸಲಿಲ್ಲ. "ಬಂತವ್ವಾ, ಇನ್ನೇನ ಬಂದಬಿಡ್ತು" ಎಂದು ಅದಕ್ಕೆ ಹೇಳುತ್ತ ಬಾಗಲಕೋಟೆಯವರೆಗೂ ನೀರು ಹೊಯ್ಯುತ್ತಲೇ ಇದ್ದ.

ಬಸ್‌ ಸ್ಟ್ಯಾಂಡಿನಲ್ಲಿ ನಾನೇ ಆ ನಂಬರಿಗೆ ಫೋನ್ ಹಚ್ಚಿ, ಮೀನು ಸತ್ತ ಸಂಗತಿ ಹೇಳಿ, ಕಾಕಾಗೂ ಕೇಳಿಸುವಂತೆ ಹಿಡಿದೆ. ಆ ಕಡೆಯ ಹುಡುಗ ಒಳ್ಳೆಯವನೇ. "ಅಯ್ಯ ಅಜ್ಜಾರ, ಹೊಳಿ ನೀರಿನ್ಯಾಗ ಬಲಿಯೊಳಗ ಇಟ್ಟು ಒಂದ ಫೋನ್ ಮಾಡಿದ್ರ ನಾವ ಓಡಿ ಬರ್ತಿದ್ವಿಲ್ರಿ" ಎಂದ.

ಕಾಕಾ ನನ್ನ ಮುಖ ನೋಡಿದ. "ಬರ್ತಿದ್ರಂತ?"

ನಾನು ಫೋನ್ ಕಿಸೆಗೆ ಹಾಕಿಕೊಂಡೆ.

"ಬರ್ತಿದ್ರಂತಪಾ" ಎಂದು ತಾನೇ ಹೇಳಿಕೊಂಡು, ಅಷ್ಟು ಜನರ ನಡುವೆ ಡಬ್ಬಿಯನ್ನು ಅಪ್ಪಿಕೊಂಡು ಅತ್ತುಬಿಟ್ಟ. ನನಗೂ ಕಣ್ಣೀರು ತಡೆಯಲಾಗಲಿಲ್ಲ. ಹರಿಯುವ ನೀರಿನ ಮೀನು ಡಬ್ಬಿಯಲ್ಲಿ ಬಾಳದೆಂಬುದು ಆತನಿಗೆ ತಿಳಿಯದ ಸಂಗತಿಯೇ? ದೊಡ್ಡವರನ್ನು ಮನೆಬಾಗಿಲಿಗೆ ಕರೆಸಬಾರದೆಂಬ ಮರ್ಯಾದೆ ಆ ತಿಳಿವಳಿಕೆಯನ್ನು ಹಿಂದಕ್ಕೆ ತಳ್ಳಿತು. ಇಂಥ ಮರ್ಯಾದೆ ನಮ್ಮ ಜನರಿಗೆ ಯಾರು ಕಲಿಸಿದರೋ!

ಸತ್ತ ಮೀನನ್ನು ಸಮೀಕ್ಷೆಯವರು ಶೀಷೆಯಲ್ಲಿ ಇಟ್ಟುಕೊಂಡರು. ಮುಂದೆ ಹಲವು ಸಲ ಬಂದು ಕಾಕಾನ ಜೊತೆ ಮಡುವಿನಲ್ಲಿ ಬಲೆ ಬಿಟ್ಟರು. ಜಿಲೇಬಿ ಬಿದ್ದವು, ಜೋಡಿ ಸಿಗಲಿಲ್ಲ. ಮರುಬೇಸಿಗೆ ಮಷಿನ್ನು ಮಡುವಿಗಿಳಿಯಿತು.

ಕಾಕಾ ಈಗಿಲ್ಲ. ಕೊನೆಯ ಸಲ ಬಸ್ಸು ಹತ್ತಿದಾಗ ಕೈಯಲ್ಲಿ ಚೀಲವಿರಲಿಲ್ಲ. ಮೆಟ್ಟಿಲು ಬಿಟ್ಟು ಒಳಗೆ ಬಂದು ಎಲ್ಲರ ಹಾಗೆ ಸೀಟಿನಲ್ಲಿ ಕೂತ. ಧೋತರ ಒಣಗಿತ್ತು.

"ಬಲಿ ಎಲ್ಲಿ ಕಾಕಾ?"

"ಕೊಟ್ಟಬಿಟ್ಟೆಪಾ ಯಾರಿಗೋ" ಎಂದವನು ಮಗಳ ಮನೆಯ ಆಡು ಮರಿ ಹಾಕಿದ ಸುದ್ದಿ ತೆಗೆದ. ಒಂದು ಕರಿದಂತೆ, ಇನ್ನೊಂದಕ್ಕೆ ಹಣೆಯ ಮೇಲೆ ಬಿಳಿ ಚುಕ್ಕಿಯಂತೆ. ಅಷ್ಟರಲ್ಲಿ ಸೇತುವೆ ಬಂತು. ಇನ್ನು ಸುಮ್ಮನಾಗುತ್ತಾನೆಂದು ನಾನು ಕಾದೆ. ಕಾಕಾ ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತ, ಸೇತುವೆ ಮುಗಿಯುವವರೆಗೂ ಆ ಮರಿಗಳ ಮಾತಾಡುತ್ತಲೇ ಇದ್ದ.