ಮರೆಗುಳಿ ಅಕ್ಕನ ಎರಡು ತಟ್ಟೆಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಕಿವಿ ವಿಭಾಗದ ಕಿಟಕಿ ಪಕ್ಕ ಕೂತು ಅವರು ಪುಟ್ಟ ಶ್ರವಣಯಂತ್ರಗಳನ್ನು ಒರೆಸುತ್ತಿದ್ದಾರೆ. ಎದುರಿಗೆ ಎರಡು ಸ್ಟೀಲ್ ತಟ್ಟೆ. ಒಂದರಲ್ಲಿ ರೋಗಿಗಳ ಸ್ವಂತದವು, ಇನ್ನೊಂದರಲ್ಲಿ ಸ್ವಂತದ್ದು ಬರುವವರೆಗೆ ಎರವಲು ಕೊಡುವಂಥವು. ಎರವಲಿನದನ್ನು ಒರೆಸಿದರಷ್ಟೇ ಸಾಲದು, ಅದರ ನೆನಪನ್ನೂ ಅಳಿಸಬೇಕು. ಅದಕ್ಕೇ ಇಲ್ಲಿ ಎಲ್ಲರ ಬಾಯಲ್ಲೂ ಇವರು 'ಮರೆಗುಳಿ ಅಕ್ಕ'.

"ಫೋನೂ ಮಿಷನ್ನೂ ಬ್ಲೂಟೂತಲ್ಲಿ ಮೊದಲ ಸಲ ಜೋಡಿ ಆದಾಗ ಒಂದು ಗುಟ್ಟಿನ ಕೀ ಇಟ್ಕೊಳ್ತವೆ. ಆಮೇಲೆ ಹತ್ರ ಬಂದ್ರೆ ಸಾಕು, ಯಾರನ್ನೂ ಕೇಳದೆ ಕೂಡ್ಕೊಳ್ತವೆ," ಎನ್ನುತ್ತಾರೆ ಅಕ್ಕ, ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ. "ಸ್ವಂತದ್ದಾದ್ರೆ ನೆನಪಿರ್ಲಿ, ದಿನಾ ಯಾರು ಜೋಡಿಸ್ತಾ ಕೂರ್ತಾರೆ? ಎರವಲಿನದು ಮಾತ್ರ ಹಳೇ ನಂಟು ಬಿಟ್ಟೇ ಮುಂದಿನವರ ಕಿವಿಗೆ ಹೋಗ್ಬೇಕು."

ಈ ಪಾಠ ಪುಕ್ಕಟೆ ಬಂದದ್ದಲ್ಲ. ಕಳೆದ ವರ್ಷ ಅಜ್ಜಿಯೊಬ್ಬರು ಎರವಲು ಯಂತ್ರ ಹಿಂತಿರುಗಿಸಿ, ತಮ್ಮದಕ್ಕಾಗಿ ಬೆಂಚಿನ ಮೇಲೆ ಕಾದಿದ್ದರು. ಗದ್ದಲದಲ್ಲಿ ಅಕ್ಕ ಅದನ್ನು ಅಳಿಸದೆ, ಪಕ್ಕದಲ್ಲಿದ್ದ ದರ್ಜಿಯೊಬ್ಬರ ಕಿವಿಗಿಟ್ಟುಬಿಟ್ಟರು. ಅಷ್ಟರಲ್ಲಿ ಅಜ್ಜಿಗೆ ಫೋನ್ ಬಂತು. ಅಜ್ಜಿ "ಹಲೋ, ಹಲೋ" ಎನ್ನುತ್ತಲೇ ಇದ್ದಾರೆ, ಏನೂ ಕೇಳಿಸದು. ದರ್ಜಿ ದಡಬಡಿಸಿ ಎದ್ದು, "ಯಾರದ್ರೀ ಇದು? ಹೆರಿಗೆ ಆಯ್ತಂತೆ, ಹೆಣ್ಣು ಮಗು! ಅಳ್ತಾ ಇದೆ!" ಎಂದು ಕೂಗಿದರು.

ಬೆಂಚಿನವರೆಲ್ಲ ನಕ್ಕರು. ಅಜ್ಜಿ ನಗಲಿಲ್ಲ. "ಮಗಳ ಕೂಸಿನ ಮೊದಲ ಅಳು ಕೇಳ್ಬೇಕು ಅಂತಾನೇ ಈ ಮಿಷನ್ನಿಗೆ ಬಂದೋಳು ನಾನು," ಎಂದವರು ತಮ್ಮದನ್ನೂ ತೆಗೆದುಕೊಳ್ಳದೆ ಹೊರಟುಹೋದರು. ಎಷ್ಟು ಸಲ ಹೇಳಿ ಕಳಿಸಿದರೂ ಬರಲಿಲ್ಲ. ಅವರ ಯಂತ್ರ ಮೊದಲ ತಟ್ಟೆಯಲ್ಲೇ ಉಳಿಯಿತು. ಅದನ್ನೂ ಅಕ್ಕ ದಿನಾ ಒರೆಸುತ್ತಾ ಬಂದರು.

"ತಪ್ಪು ನಂದೇ. ಕೆಟ್ಟ ಮೇಲೆ ಬುದ್ಧಿ ಬಂತು," ಎನ್ನುತ್ತಾರೆ. ಅಂದಿನಿಂದ ಜನ ಸೇರುವ ಮೊದಲೇ ಅಳಿಸುವ ಕೆಲಸ ಮುಗಿಯಬೇಕೆಂದು ಮೊದಲ ಬಸ್ಸಿಗೇ ಬರುತ್ತಾರೆ.

ಇವತ್ತು ಬಾಗಿಲು ತೆರೆದಾಗ ಎದುರಿಗೆ ಅದೇ ಅಜ್ಜಿ. ಕೂಸು ಈಗ ಮಾತು ಕಲಿಯುತ್ತಿದೆಯಂತೆ, ಇನ್ನು ಮುನಿಸು ಹಿಡಿದು ಕೂತರೆ ನಷ್ಟ ತಮಗೇ ಎಂದು ಬಂದಿದ್ದಾರೆ.

ಅಕ್ಕ ಯಂತ್ರ ಕಿವಿಗಿಟ್ಟು ಫೋನಿಗೆ ಜೋಡಿಸುತ್ತಾರೆ. ಪರೀಕ್ಷಿಸಲು ಯಂತ್ರ ಆಫ್ ಮಾಡಿ ಮತ್ತೆ ಆನ್ ಮಾಡುತ್ತಾರೆ. ಫೋನ್ ತಾನಾಗಿಯೇ ಕೂಡಿಕೊಳ್ಳುತ್ತದೆ.

"ಇದೂ ಇನ್ಯಾರ ಕಿವಿಗೋ ಹೋಗಲ್ಲ ತಾನೆ?" ಅಜ್ಜಿಗೆ ಇನ್ನೂ ಅನುಮಾನ.

"ಇಲ್ಲ ಅಜ್ಜಿ. ಇದು ನಿಮ್ಮದೇ, ಇದನ್ನ ನಾನು ಅಳಿಸಲ್ಲ."

ಮಗಳಿಗೆ ಫೋನ್ ಹೋಗುತ್ತದೆ. ಅಜ್ಜಿ ಕಣ್ಣು ಮುಚ್ಚಿಕೊಳ್ಳುತ್ತಾರೆ. "ಅಜ್ಜೀ ಅಂತಿದೆ," ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ.

ಅವರು ಕೋಲು ಹಿಡಿದು ಹೊರನಡೆದ ಮೇಲೆ, ನಿಮ್ಮ ಆಸೆ ಏನು ಎಂದು ಅಕ್ಕನನ್ನು ಕೇಳುತ್ತೇನೆ. ತಟ್ಟೆ ಒರೆಸುತ್ತಾ ಮೆಲ್ಲಗೆ ಹೇಳುತ್ತಾರೆ: "ಅವತ್ತಿನದನ್ನ ಅಜ್ಜಿ ಮರೆತ್ರೆ ಸಾಕು."

"ಮರೆಯಲ್ಲ ಕಣೇ!" ಕಾರಿಡಾರಿನಿಂದ ಅಜ್ಜಿಯ ದನಿ. "ಈಗ ಎಲ್ಲಾ ಕೇಳಿಸುತ್ತೆ ನಂಗೆ."