ಉಳಿ ತಾಗದ ಹೆಸರು

ನನ್ನ ಹೂವಿನಂಗಡಿಗೂ ಕಲ್ಲಣ್ಣನ ಶೆಡ್ಡಿಗೂ ನಡುವೆ ಒಂದೇ ತಗಡಿನ ಗೋಡೆ. ಸ್ಮಶಾನದ ಗೇಟಿನ ಎದುರಿಗೆ ಇರುವುದು ನಾವಿಬ್ಬರೇ. ಅಳುತ್ತ ಬಂದವರು ಮೊದಲು ನನ್ನ ಹತ್ತಿರ ಹೂ ಕೊಳ್ಳುತ್ತಾರೆ. ಅಳು ಒಂದು ಹದಕ್ಕೆ ಬಂದಮೇಲೆ ಕಲ್ಲು ಕೆತ್ತಿಸಲು ಅವನಲ್ಲಿಗೆ ಹೋಗುತ್ತಾರೆ. ಇಪ್ಪತ್ತೆರಡು ವರ್ಷ ಅವನ ಸುತ್ತಿಗೆಯ ಸದ್ದು ಕೇಳಿಕೊಂಡೇ ಹೂಗುಚ್ಛ ಕಟ್ಟಿದ್ದೇನೆ. ಅವನು ಮಾತಿನಲ್ಲಿ ಜುಗ್ಗ. ನಾನು ಬಾಯಿಗೆ ಬಂದದ್ದನ್ನು ಆಡಿಬಿಡುವವಳು. ಹಾಗೆ ಆಡಿದ ಒಂದು ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ, ಅದನ್ನೂ ಹೇಳುತ್ತೇನೆ.

ಕಲ್ಲಣ್ಣನದೊಂದು ಪದ್ಧತಿ ಇತ್ತು. ಕಲ್ಲಿನಲ್ಲಿ ತಪ್ಪಾದರೆ ಅಳಿಸುವ ಹಾಗಿಲ್ಲವಲ್ಲ, ಅದಕ್ಕೆ ಸತ್ತವರ ಹೆಸರನ್ನು ಮನೆಯವರ ಕೈಯಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ, ಕೆಳಗೆ ಸಹಿ ಹಾಕಿಸಿಕೊಳ್ಳುತ್ತಿದ್ದ. ಕೆಲವರ ಅಕ್ಷರ ಸಾಲು ಬಿಟ್ಟು ಕೆಳಗಿಳಿದಿರುತ್ತಿತ್ತು. ಅದನ್ನು ನೋಡಿಕೊಂಡು ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿ, ಆಮೇಲೆ ಉಳಿ ಹಿಡಿಯುವನು. ಅಕ್ಷರದ ನಡುವೆ ಬಿಡುವ ಜಾಗದಲ್ಲಿ ಅವನು ಒಂದು ಕೂದಲೆಳೆಯಷ್ಟೂ ತಪ್ಪಿದ್ದನ್ನು ನಾನು ಕಂಡಿಲ್ಲ. ಅಂಥ ನೋಟ್‌ಬುಕ್ಕುಗಳು ಹದಿನಾಲ್ಕು ಆಗಿದ್ದವು.

ಅವನ ಅಪ್ಪನ ಕಲ್ಲನ್ನೂ ಅವನೇ ಕೆತ್ತಿದ್ದ. ಮರುವರ್ಷ ಗಂಡು ಮಗು ಹುಟ್ಟಿತು. ಅಜ್ಜನ ಹೆಸರೇ ಇಡಬೇಕೆಂದು ಅವನ ತಾಯಿ ಹಟ ಹಿಡಿದರು, ಇಟ್ಟರು. ಮಗು ನಾಲ್ಕು ತಿಂಗಳು ಇತ್ತು. ಒಂದು ಜ್ವರ, ಮೂರು ದಿನ, ಅಷ್ಟೆ. ಅದೇ ಹೆಸರನ್ನು ಅದೇ ಕೈಯಿಂದ ಎರಡನೇ ಸಲ, ಮೊಳದುದ್ದದ ಕಲ್ಲಿನಲ್ಲಿ ಕೆತ್ತಿದ. ಅವತ್ತು ಗೋಡೆಯ ಆಚೆಯಿಂದ ಬರುತ್ತಿದ್ದ ಸದ್ದು ನಿಂತು ನಿಂತು ಬರುತ್ತಿತ್ತು. ನಾನು ಅಂಗಡಿ ಮುಚ್ಚಿ ಮನೆಗೆ ಹೋದೆ, ಕೇಳಲಾಗಲಿಲ್ಲ.

ಐದು ವರ್ಷ ಕಳೆದು ಹೆಂಡತಿ ಮತ್ತೆ ಬಸುರಾದಳು. ಕಲ್ಲಣ್ಣ ಒಂದೇ ಒಂದು ಮಾತು ಹೇಳಿದ: "ನನ್ನ ಉಳಿ ಮುಟ್ಟಿದ ಹೆಸರು ಈ ಮಗೂಗೆ ಬೇಡ."

ಹೇಳುವುದೇನೋ ಸುಲಭ. ಹದಿನಾಲ್ಕು ನೋಟ್‌ಬುಕ್ಕನ್ನೂ ಮನೆಗೆ ಹೊತ್ತು ತಂದ. ಹೆಂಡತಿ ಹೆಸರು ಹೇಳುವುದು, ಅವನು ಪುಟ ಮಗುಚುವುದು. ಹೂವಿನ ಹೆಸರುಗಳೆಲ್ಲ ಇದ್ದವು. ನದಿಗಳು ಇದ್ದವು, ನಕ್ಷತ್ರಗಳೂ ಇದ್ದವು. ನಗು, ಬೆಳಕು, ಸಂತೋಷ ಎನ್ನುವ ಅರ್ಥದ ಹೆಸರುಗಳಂತೂ ಪುಟಕ್ಕೊಂದು. ಅತ್ತೆ ಹತ್ತು ಹೇಳಿದರು, ನಾನು ಆರು ಹೇಳಿದೆ, ಎದುರುಮನೆಯ ಟೈಲರು ಹೊಸ ಕಾಲದ್ದೆಂದು ನಾಲ್ಕು ಹೇಳಿದ. ಒಂದೂ ಉಳಿಯಲಿಲ್ಲ. ಹೆಣ್ಣು ಮಗು ಹುಟ್ಟಿ ಎರಡು ವಾರವಾದರೂ ಅದು ಬರೀ 'ಪಾಪು'.

ಹಾಲೂಡಿಸುತ್ತ ಕೂತಿದ್ದ ಹೆಂಡತಿಗೆ ಒಂದು ಸಂಜೆ ತಲೆ ಕೆಟ್ಟುಹೋಯಿತು. ಎದುರಿಗೆ ಕಂಡದ್ದನ್ನೇ ಹೇಳಿದಳಂತೆ: "ರೀ, ಕಿಟಕಿ ಅಂತ ಯಾರಾದ್ರೂ ಸತ್ತಿದಾರಾ ನೋಡಿ!"

ಅವಳು ಹೇಳಿದ್ದು ಕುಚೋದ್ಯಕ್ಕೆ. ಆ ಮನುಷ್ಯ ಹದಿನಾಲ್ಕು ನೋಟ್‌ಬುಕ್ಕನ್ನೂ ಮೊದಲ ಪುಟದಿಂದ ನೋಡಿ, ಕನ್ನಡಕ ತೆಗೆದು, "ಇಲ್ಲ" ಅಂದ. ಆಮೇಲೆ ಇಬ್ಬರೂ ನಕ್ಕರಂತೆ. ಐದು ವರ್ಷದಲ್ಲಿ ಅವರು ಜೊತೆಗೆ ನಕ್ಕದ್ದು ಅದೇ ಮೊದಲು ಎಂದು ಅವಳೇ ನನಗೆ ಹೇಳಿದ್ದಳು. ನಕ್ಕು ಮುಗಿಯುವ ಹೊತ್ತಿಗೆ ಮಗುವಿಗೆ ಹೆಸರಾಗಿತ್ತು.

ಅತ್ತೆ ಎರಡು ದಿನ ಊಟ ಬಿಟ್ಟರು. ಜನನ ನೋಂದಣಿ ಕಚೇರಿಯ ಗುಮಾಸ್ತ, "ಇದು ಹೆಸರಲ್ಲಮ್ಮ, ಮನೆ ಸಾಮಾನು" ಅಂದನಂತೆ. ನಾನೇನು ಕಡಿಮೆಯೆ? ಅಂಗಡಿಯ ಮುಂದೆ ನಾಲ್ಕು ಜನ ನಿಂತಿರುವಾಗಲೇ, "ಮುಂದಿನದಕ್ಕೆ ಬಾಗಿಲು ಅಂತಿಡಿ, ಮನೆ ಪೂರ್ತಿಯಾಗುತ್ತೆ" ಎಂದುಬಿಟ್ಟೆ. ಮುಂದಿನದೊಂದು ಇರುವುದಿಲ್ಲವೆಂದು ಡಾಕ್ಟರು ಆಗಲೇ ಹೇಳಿದ್ದರು. ನನಗೆ ಗೊತ್ತಿರಲಿಲ್ಲ. ಎಲ್ಲರೂ ನಕ್ಕರು. ಕಲ್ಲಣ್ಣನ ಹೆಂಡತಿ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, "ಕಿಟಕಿಯಿಂದ ಗಾಳಿ ಬರುತ್ತೆ, ಬೆಳಕು ಬರುತ್ತೆ ಅಕ್ಕಾ. ನಮಗೆ ಅಷ್ಟು ಬಂದ್ರೆ ಸಾಕು" ಎಂದು ಹೇಳಿ ನಡೆದಳು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆದರೆ ಹೆಸರು ನಿಂತಿತು. ಆ ತಾಯಿಯದೇ ಹೆಸರಿನ ಹೆಂಗಸರು ನಮ್ಮ ಬೀದಿಯಲ್ಲೇ ಐವರಿದ್ದರು. ಅಲ್ಲಿಯವರೆಗೆ ಅವಳನ್ನು ಯಾರೂ ಸರಿಯಾಗಿ ಗುರುತಿಸುತ್ತಿರಲಿಲ್ಲ. ಈಗ ಹಾಲಿನವನಿಂದ ಹಿಡಿದು ಹೆಡ್‌ಮಾಸ್ತರವರೆಗೆ ಎಲ್ಲರಿಗೂ ಅವಳು 'ಕಿಟಕಿಯ ಅಮ್ಮ'. ಹಾಗೆ ಕರೆದರೆ ಅವಳ ಬೆನ್ನು ನೆಟ್ಟಗಾಗುತ್ತಿತ್ತು.

ಕಲ್ಲಣ್ಣ ದಿನಕ್ಕೆ ಇಪ್ಪತ್ತು ಸಲ ಮಗಳ ಹೆಸರು ಹಿಡಿದು ಕೂಗುವನು. ಬರೆಯುತ್ತಿರಲಿಲ್ಲ, ಅಷ್ಟೆ. ಪೆನ್ಸಿಲಿನಲ್ಲೂ ಇಲ್ಲ, ಸೀಮೆಸುಣ್ಣದಲ್ಲೂ ಇಲ್ಲ. ಶಾಲೆಯ ಅರ್ಜಿಯಿಂದ ಪುಸ್ತಕದ ಚೀಟಿಯವರೆಗೆ ಎಲ್ಲ ಅವಳ ಅಮ್ಮನೇ ತುಂಬಬೇಕು. ಹುಡುಗಿಗೆ ಎಂಟು ವರ್ಷವಾದಾಗ ಒಂದು ಬಿಲ್ಲೆಗಲ್ಲು ತಂದು, "ಅಪ್ಪಾ, ಇದ್ರ ಮೇಲೆ ನನ್ನ ಹೆಸರು ಕೆತ್ತಿಕೊಡು" ಎಂದಳು. ಅವನ ಮುಖ ಬಿಳಿಚಿತು. ಕಲ್ಲನ್ನು ಕಿತ್ತುಕೊಂಡು ಎಸೆದ. ಹುಡುಗಿ ಮತ್ತೆ ಕೇಳಲಿಲ್ಲ. ಶಾಲೆಯಲ್ಲಿ ಹೆಸರಿಗೆ ನಗುವವರು ಮೊದಲೇ ಇದ್ದರು. ಅಪ್ಪನಿಗೂ ಈ ಹೆಸರು ನಾಚಿಕೆ ಎಂದು ಅವಳು ಅಂದುಕೊಂಡದ್ದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಅವಳಿಗೆ ಹತ್ತು ತುಂಬುವ ಮೊದಲೇ ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಆಸ್ಪತ್ರೆಯಿಂದ ಮನೆಗೆ ಕಳಿಸಿಬಿಟ್ಟರು. ನಾನು ದಿನಾ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಒಂದು ಮಧ್ಯಾಹ್ನ ನನ್ನ ಎದುರಿಗೇ ಗಂಡನಿಗೆ ಹೇಳಿದಳು: "ಕಲ್ಲಿನ ಮೇಲೆ ನನ್ನ ಹೆಸರು ಬೇಡ. ಆ ಹೆಸರಿನೋರು ಅಲ್ಲಿ ಎಷ್ಟೋ ಜನ ಮಲಗಿದಾರೆ. ಕಿಟಕಿಯ ಅಮ್ಮ ಅಂತ ಹಾಕಿ, ಸಾಕು."

ಕಲ್ಲಣ್ಣ ಎದ್ದು ಹೋಗಿ ನಲ್ಲಿ ಬಿಟ್ಟು ಮುಖ ತೊಳೆದ. ತುಂಬ ಹೊತ್ತು ತೊಳೆದ. ಅವಳು ನನ್ನ ಕೈ ಹಿಡಿದು, "ಅಕ್ಕಾ, ಅವರು ಹಾಕಲ್ಲ. ನೀವು ನೋಡ್ಕೊಳ್ಳಿ" ಎಂದಳು.

ಅದಾದ ಹನ್ನೆರಡನೇ ದಿನ ಹೋಗಿಬಿಟ್ಟಳು.

ಆರು ತಿಂಗಳಾದರೂ ಕಲ್ಲು ಏಳಲಿಲ್ಲ. "ಲೋಕಕ್ಕೆಲ್ಲ ಕೆತ್ತುತ್ತೀಯ, ಕಟ್ಟಿಕೊಂಡವಳಿಗೆ ಒಂದು ಕಲ್ಲಿಲ್ಲ" ಎಂದು ಅವನ ತಾಯಿ ಕಣ್ಣೀರು ಹಾಕಿದರು. ಕೊನೆಗೆ ಒಂದು ದಿನ ನಿಲ್ಲಿಸಿದ. ಹೂ ಇಡಲೆಂದು ಹೋದವಳು ನಿಂತಲ್ಲೇ ನಿಂತೆ. ಬೂದು ಕಲ್ಲು, ನುಣ್ಣಗೆ ಉಜ್ಜಿದ್ದು. ಬಲಗಡೆಯ ಅಂಚಿಗೆ 'ಅಮ್ಮ' ಎಂದಿತ್ತು. ಎಡಗಡೆ ಗೇಣುದ್ದದ ಜಾಗ ಖಾಲಿ. ಎಂದೂ ಜಾಗ ತಪ್ಪದವನು ಬಿಟ್ಟ ಖಾಲಿ ಅದು. 'ಅಮ್ಮ' ಕೆತ್ತಿದ ಕೈ 'ಕಿಟಕಿಯ' ಎಂದು ಕೆತ್ತಲಾರದೆ ನಿಂತಿತ್ತು.

ಮಾರನೆಯ ದಿನ ಹುಡುಗಿ ಶಾಲೆಯಿಂದ ನೇರ ನನ್ನ ಅಂಗಡಿಗೆ ಬಂದು ಬಕೆಟ್ಟುಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತಳು.

"ದೊಡ್ಡಮ್ಮ, ನನ್ನ ಹೆಸರು ಅಷ್ಟು ಕೆಟ್ಟದಾಗಿದ್ಯಾ? ಅಮ್ಮನ ಕಲ್ಲಿನ ಮೇಲೂ ಬೇಡ್ವಾ ಅಪ್ಪಂಗೆ?"

ಹತ್ತು ವರ್ಷದ ಹಿಂದೆ ಆ ಹೆಸರು ಹಿಡಿದು ಎಲ್ಲರನ್ನೂ ನಗಿಸಿದವಳು ನಾನೇ. ಅವಳ ಕೈ ಹಿಡಿದು ದರದರ ಎಳೆದುಕೊಂಡು ಶೆಡ್ಡಿಗೆ ಹೋದೆ. "ಬಾಯಿ ಬಿಡೋ ಮಾರಾಯ! ಮಗು ಏನಂದ್ಕೊಂಡಿದೆ ಗೊತ್ತಾ ನಿಂಗೆ?" ಎಂದು ಕಿರುಚಿ, ಅವಳು ಕೇಳಿದ್ದನ್ನು ಹೇಳಿದೆ.

ಅವನಿಗೆ ಅವಳು ಅಂದುಕೊಂಡಿದ್ದೇನೆಂದು ತಿಳಿದದ್ದು ಆಗಲೇ. ಸುತ್ತಿಗೆ ಕೆಳಗಿಟ್ಟು, ಕಪಾಟಿನಿಂದ ನೋಟ್‌ಬುಕ್ಕುಗಳನ್ನೆಲ್ಲ ಇಳಿಸಿದ. ಈಗ ಹತ್ತೊಂಬತ್ತು ಇದ್ದವು. ತಾನೇ ಕೈಯಾರೆ ಬರೆದು ಸಹಿ ಮಾಡಿದ್ದ, ನಾಲ್ಕು ತಿಂಗಳಿಗೆ ಹೋದ ಅವಳ ಅಣ್ಣನ ಪುಟ ತೆಗೆದು ಮಗಳಿಗೆ ತೋರಿಸಿದ.

"ಇವನೂ ಇದ್ರಲ್ಲಿ ಇದಾನೆ ಕಣಮ್ಮ. ಇಷ್ಟು ಪುಸ್ತಕದಲ್ಲಿ ಎಲ್ಲೂ ಇಲ್ಲದ ಹೆಸರು ಒಂದೇ. ಅದಕ್ಕೇ ನಿಂಗೆ ಅದನ್ನ ಇಟ್ಟೆ. ಅದನ್ನ ನಾನು ಕೆತ್ತಿದ್ರೆ... ನನ್ನ ಕೈಯಲ್ಲಿ ಆಗಲ್ಲಮ್ಮ."

ಹುಡುಗಿ ಆ ಪುಟದ ಮೇಲೆ ಬೆರಳಾಡಿಸಿದಳು. ಮುಖ ಗಂಟಿಕ್ಕಿ ಯೋಚಿಸಿದಳು. ಆಮೇಲೆ, "ನಾನು ಕೆತ್ತಿದ್ರೆ ನಿನ್ನ ಪುಸ್ತಕಕ್ಕೆ ಬರಲ್ಲ ಅಲ್ವಾ ಅಪ್ಪಾ?" ಎಂದಳು.

ಮಾರನೆಯ ದಿನ ಕಲ್ಲಣ್ಣ ಹೊಸ ಉಳಿ ತಂದ, ಸಣ್ಣದು, ಇನ್ನೂ ಯಾವ ಕಲ್ಲನ್ನೂ ಮುಟ್ಟದ್ದು. ಬೇಡದ ತುಂಡುಗಲ್ಲಿನ ಮೇಲೆ ಒಂದು ತಿಂಗಳು ಗೆರೆ ಹೊಡೆಸಿದ. ಬರೀ ಗೆರೆ. ಅವಳ ಹೆಬ್ಬೆರಳಿಗೆ ಎರಡು ಸಲ ಪೆಟ್ಟಾಯಿತು.

ಅಮ್ಮನ ಕಲ್ಲಿನ ಕೆಲಸಕ್ಕೆ ಹದಿನಾರು ದಿನ ಹಿಡಿಯಿತು. ಶಾಲೆ ಬಿಟ್ಟ ಮೇಲೆ ಇಬ್ಬರೂ ಸ್ಮಶಾನದೊಳಗೆ ಹೋಗುವರು. ಅವಳು ಕಲ್ಲಿನ ಮುಂದೆ ಮಂಡಿಯೂರಿ ಕೂರುವಳು. ಅವನು ಅವಳ ಬೆನ್ನಿಗೆ ಬೆನ್ನು ಹಾಕಿ, ಎದುರು ಸಾಲಿನಲ್ಲಿದ್ದ ಮಗನ ಮೊಳದುದ್ದದ ಕಲ್ಲಿನತ್ತ ಮುಖ ಮಾಡಿ ಕೂರುವನು. ಮಗಳ ಹೆಸರಿನ ಮೇಲೆ ಸುತ್ತಿಗೆ ಬೀಳುವುದನ್ನು ನೋಡಲಾರದೆ ಹಾಗೆ ಕೂತಿದ್ದ. ಒಂದೊಂದು ಪೆಟ್ಟಿಗೂ ಅವನ ಹೆಗಲು ಅದುರುವುದು ಗೇಟಿನ ಹತ್ತಿರ ನಿಂತ ನನಗೆ ಕಾಣುತ್ತಿತ್ತು.

ಕೊನೆಯ ದಿನ ನಾನೂ ಹೋಗಿದ್ದೆ. ಅಕ್ಷರಗಳು ಸೊಟ್ಟ ಪಟ್ಟ, ಮೊದಲನೆಯದು ದೊಡ್ಡದು, ಕೊನೆಯದಕ್ಕೆ ಜಾಗ ಸಾಲದೆ ಅವನು ಕೆತ್ತಿದ 'ಅಮ್ಮ'ನಿಗೆ ಒತ್ತಿಕೊಂಡು ನಿಂತಿತ್ತು. ಹುಡುಗಿ ಬಗ್ಗಿ ದೂಳು ಊದಿದಳು.

"ಆಯ್ತಪ್ಪಾ. ತಿರುಗು, ಸರಿಯಾಗಿದ್ಯಾ ನೋಡು."

ಅವನು ತಿರುಗಲಿಲ್ಲ. "ನೀನೇ ಓದಮ್ಮ. ಕೇಳಿಸ್ಕೋತೀನಿ."

ಅವಳು ಬೆರಳಿಟ್ಟು, ಶಾಲೆಯಲ್ಲಿ ಪಾಠ ಓದುವ ಹಾಗೆ ಗಟ್ಟಿಯಾಗಿ ಓದಿದಳು: "ಕಿಟಕಿಯ ಅಮ್ಮ."

ಕಲ್ಲಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಬೆರಳ ಸಂದಿಯಿಂದಲೇ ಅವನ ದನಿ ಬಂತು.

"ಇನ್ನೊಂದ್ಸಲ ಓದು."