ಸೋಡಾದೊಳಗಿನ ನೀರು

ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಡಂ ಸಿಟ್ಟಿನಾಕೆ. ಮಕ್ಕಳು ಬೆನ್ನ ಹಿಂದೆ ‘ಆಸಿಡ್ ಮೇಡಂ’ ಅನ್ನುತ್ತಿದ್ದರು. ಉತ್ತರದ ಮುಂದೆ ಗ್ರಾಂ ಅಂತ ಬರೆಯದವರಿಗೆ, “ಏನಪ್ಪಾ ಇದು, ಇಪ್ಪತ್ತು ಎಮ್ಮೆನೋ, ಇಪ್ಪತ್ತು ಬಕೆಟ್ಟೋ?” ಎಂದು ಮುಖದ ಮೇಲೇ ಕೇಳುವಳು. ಆದರೆ ಆಕೆಯ ನಿಜವಾದ ಸಿಟ್ಟು ನಾವು ಕಂಡದ್ದು ಆಕೆಯ ತಮ್ಮನ ಕಾಲು ಸುಟ್ಟಾಗ.

ಆ ತಮ್ಮ ನಾವು ದುಡಿಯುವ ತಂತಿ ಕಾರ್ಖಾನೆಯಲ್ಲೇ ಚರಂಡಿಯ ಕೆಸರೆತ್ತುವವನು. ತಂತಿಯ ತುಕ್ಕು ಬಿಡಿಸಲು ಹೈಡ್ರೋಕ್ಲೋರಿಕ್ ಆಸಿಡ್ ತೊಟ್ಟಿಯಲ್ಲಿ ಅದ್ದುತ್ತಾರೆ. ಹಳೇ ಆಸಿಡ್ಡಿಗೆ ಬಟ್ಟೆ ಒಗೆಯುವ ಸೋಡಾ ಸುರಿದು, ಅದರ ಉರಿ ಕೊಂದು, ಚರಂಡಿಗೆ ಬಿಡುತ್ತಾರೆ. ಆವತ್ತು ಮಧ್ಯಾಹ್ನದವರೆಗೆ ಹರಕು ಬೂಟಿನಲ್ಲಿ ಆ ನೀರಿನಲ್ಲಿ ನಿಂತವನು ಮೇಲೆ ಬಂದಾಗ ಪಾದದ ಚರ್ಮ ಕಾಲುಚೀಲದ ಜೊತೆಗೇ ಸುಲಿದು ಬಂತು.

ಮ್ಯಾನೇಜರ್ ಹೇಳಿದ್ದು ಒಂದೇ ಮಾತು: “ಅದು ಸೋಡಾ ಹಾಕಿದ ನೀರು, ಸುಡೋಕೆ ಸಾಧ್ಯಾನೇ ಇಲ್ಲ. ಇವನೇ ಎಲ್ಲೋ ಆಸಿಡ್ ಚೆಲ್ಕೊಂಡಿದ್ದಾನೆ.” ಬೇಜವಾಬ್ದಾರಿ ಎಂದು ಕೆಲಸದಿಂದ ತೆಗೆಯುವ ನೋಟಿಸ್ ಮನೆಗೆ ಬಂತು. ಔಷಧಿಯ ಖರ್ಚೂ ಇಲ್ಲ, ಕೆಲಸವೂ ಇಲ್ಲ.

ತೊಟ್ಟಿಯ ಮೇಲಿನ ಫಲಕದಲ್ಲಿ ಏನು ಬರೆದಿದೆ ಎಂದು ಮೇಡಂ ತಮ್ಮನನ್ನು ಕೇಳಿದಳು. ೭೩ ಕಿಲೋ ಆಸಿಡ್ಡಿಗೆ ೧೦೬ ಕಿಲೋ ಸೋಡಾ. ಆಕೆ ಲೆಕ್ಕ ಹಾಕಿದಳು. ಆಸಿಡ್ಡಿನ ಎರಡು ಅಣುವಿಗೆ ಸೋಡಾದ ಒಂದು. ಎರಡರ ತೂಕ ೭೩, ಒಂದರ ತೂಕ ೧೦೬. ಲೆಕ್ಕ ಚೊಕ್ಕ.

“ಲೆಕ್ಕ ಸರಿಯಾಗೇ ಇದೆ ಕಣೋ. ನಿಜ ಹೇಳು, ಎಲ್ಲಿ ಚೆಲ್ಕೊಂಡೆ?”

“ನೀನೂ ಆ ಕಡೆನಾ ಅಕ್ಕ? ಹೋಗು, ಮ್ಯಾನೇಜರ್ ಪಕ್ಕದಲ್ಲೇ ಕುರ್ಚಿ ಹಾಕಿಸ್ಕೊ.”

“ತೂಕ ಸುಳ್ಳು ಹೇಳಲ್ಲ.”

“ನನ್ನ ಕಾಲು ಹೇಳುತ್ತಾ? ಚೀಲಗಟ್ಟಲೆ ಸೋಡಾ ಹೊತ್ತು ಸುರಿದವನೂ ನಾನೇ. ಗಾಜಿನ ಚೂರಿನ ಥರ ಬೆನ್ನಿಗೆ ಚುಚ್ಚುತ್ತೆ ಅದು.”

ಅಕ್ಕ ಪೆನ್ನು ಕೆಳಗಿಟ್ಟಳು. “ಗಾಜಿನ ಚೂರಾ? ಪುಡಿ ಅಲ್ವಾ?”

“ಪುಡಿ ಮುಂಚೆ ಬರ್ತಿತ್ತು. ಈಗ ಹರಳು. ಅಗ್ಗ ಅಂತೆ.”

ಆಕೆ ಹಣೆ ಹಣೆ ಚಚ್ಚಿಕೊಂಡಳು. ಹರಳು ಸೋಡಾದ ಮೈಯಲ್ಲಿ ನೀರು ತುಂಬಿರುತ್ತದೆ, ಸೋಡಾ ಒಂದಕ್ಕೆ ನೀರಿನ ಅಣು ಹತ್ತು. ಆ ನೀರೂ ಸೇರಿ ತೂಕ ೧೦೬ ಅಲ್ಲ, ೨೮೬. ನೀರು ಆಸಿಡ್ಡನ್ನು ಕೊಲ್ಲುವುದಿಲ್ಲ. ೨೮೬ ಕಿಲೋ ಸುರಿಯಬೇಕಾದ ಕಡೆ ೧೦೬ ಸುರಿದಿದ್ದಾರೆ. ಆಸಿಡ್ಡಿನ ಅರ್ಧಕ್ಕಿಂತ ಹೆಚ್ಚು ಹಾಗೇ ಜೀವಂತ ಉಳಿದಿತ್ತು. ಅದರೊಳಗೆ ತಮ್ಮ ನಿಂತಿದ್ದ. ಪರೀಕ್ಷೆಯಲ್ಲಿ ಹರಳು ಬರುವುದಿಲ್ಲವೆಂದು ವರ್ಷ ವರ್ಷವೂ ‘ಸೋಡಾ ಅಂದ್ರೆ ೧೦೬’ ಎಂದು ಗಿಣಿಪಾಠ ಮಾಡಿಸಿದವಳೂ ಆಕೆಯೇ. ತನ್ನ ಮೇಲಿನ ಆ ಸಿಟ್ಟನ್ನೂ ಹೊತ್ತುಕೊಂಡೇ, ಕಾರ್ಖಾನೆಯಲ್ಲಿ ನಡೆದ ನೋಟಿಸಿನ ವಿಚಾರಣೆಗೆ ತಮ್ಮನ ಜೊತೆ ಬಂದಳು.

“ಮೇಡಂ, ಸೋಡಾ ಅಂದ್ರೆ ಸೋಡಾ. ಇದು ಸ್ಕೂಲಲ್ಲ” ಎಂದ ಮ್ಯಾನೇಜರ್.

“ಸ್ಕೂಲಾಗಿದ್ರೆ ನಿಮ್ಮನ್ನ ಬೆಂಚ್ ಮೇಲೆ ನಿಲ್ಲಿಸ್ತಿದ್ದೆ. ಚರಂಡಿಗೆ ಬಿಡೋ ಮುಂಚೆ ಆಸಿಡ್ ಉಳಿದಿದ್ಯಾ ಅಂತ ಲಿಟ್ಮಸ್ ಕಾಗದ ಅದ್ದಿ ನೋಡಿದ್ರಾ?”

“ಲೆಕ್ಕ ಇರೋವಾಗ ಕಾಗದ ಯಾಕೆ? ತರಿಸೋದು ಬಿಟ್ಟಿದ್ದೀವಿ.”

ಆಕೆ ನೇರ ಕ್ಯಾಂಟೀನಿಗೆ ನಡೆದಳು. ನಾವೆಲ್ಲ ಹಿಂದೆ. ಸೋಡಾದ ಚೀಲವೊಂದನ್ನು ತರಿಸಿ, ಅಡುಗೆಯವನ ತಕ್ಕಡಿಯಲ್ಲಿ ಒಂದು ಕಿಲೋ ಹರಳು ತೂಗಿಸಿ, ಬಾಣಲೆಗೆ ಸುರಿದು ಒಲೆ ಹಚ್ಚಿಸಿದಳು. ಹರಳು ಕರಗಿತು, ಕುದಿಯಿತು, ಹಬೆಯಾಡಿತು. ಕೊನೆಗೆ ಬಿಳಿ ಪುಡಿ ಉಳಿಯಿತು. ಅದನ್ನು ಮತ್ತೆ ತೂಗಿದರೆ ಅರ್ಧ ಕಿಲೋ ಕೂಡ ಇಲ್ಲ.

“ಮಿಕ್ಕಿದ್ದು ನೀರು. ಆ ನೀರನ್ನ ಸೋಡಾ ಅಂತ ಲೆಕ್ಕ ಹಾಕಿ ಇವನ ಕಾಲು ಬೇಯಿಸಿದ್ದೀರ. ಬೇಜವಾಬ್ದಾರಿ ಯಾರದು ಹೇಳಿ!”

ಮ್ಯಾನೇಜರ್ ಬೆವರೊರೆಸಿಕೊಂಡ. “ಸರಿ, ಇನ್ಮೇಲೆ ಜಾಸ್ತಿ ಹಾಕಿಸ್ತೀವಿ. ನೋಟಿಸ್ ಮಾತ್ರ ವಾಪಸಾಗಲ್ಲ. ಹರಿದ ಬೂಟು ಹಾಕಿದ್ದು ಇವನ ತಪ್ಪು.”

“ಹೊಸ ಬೂಟು ನಿಮ್ಮಪ್ಪ ಕೊಡ್ತಾನಾ?” ಎಂದು ಗುಂಪಿನಿಂದ ಯಾರೋ ಕೂಗಿದರು. ಅಲ್ಲಿಗೆ ಮಾತು ಮುಗಿಯಿತು. ನಾವು ತೊಟ್ಟಿಯ ಸುತ್ತ ಕೂತುಬಿಟ್ಟೆವು. ಆಸಿಡ್ ಬದಲಾಯಿಸುವವರಿಲ್ಲ, ತಂತಿ ಅದ್ದುವವರಿಲ್ಲ. ಹೊರಗೆ ಲಾರಿಗಳು ಹಾರ್ನ್ ಹೊಡೆಯುತ್ತ ನಿಂತವು. ಸಂಜೆಗೆ ಮ್ಯಾನೇಜರ್ ನೋಟಿಸನ್ನು ಹಿಂತೆಗೆದುಕೊಂಡ; ಔಷಧಿಯ ಖರ್ಚು ಒಪ್ಪಿಕೊಂಡ. ಕ್ಷಮೆ ಕೇಳಲಿಲ್ಲ. ಅಂಥವರ ಬಾಯಲ್ಲಿ ಆ ಪದ ಎಂದಾದರೂ ಬಂದದ್ದಿದೆಯೇ?

ಮೇಡಂ ಬಾಣಲೆ ತೊಳೆದು ಅಡುಗೆಯವನಿಗೆ ಕೊಟ್ಟು, ತಮ್ಮನನ್ನು ಆಟೋಗೆ ಹತ್ತಿಸಿದಳು.

ಅವನು ಕೆಲಸಕ್ಕೆ ಮರಳಿದ, ಕುಂಟುತ್ತ. ಚರಂಡಿಗೆ ಮಾತ್ರ ಇಳಿಯಲಿಲ್ಲ. ಲಿಟ್ಮಸ್ ಕಾಗದ ತರಿಸಿ ನಮ್ಮ ಕಣ್ಣೆದುರೇ ಅದ್ದಿ ತೋರಿಸುವವರೆಗೆ ನಾವು ಯಾರೂ ಇಳಿಯಲಿಲ್ಲ.